ಒಂದು ಚುಕ್ಕೆಯನ್ನೂ ಮುಟ್ಟದೆ

ನದಿ ನೀರಿನ ಪರೀಕ್ಷಾಲಯದಲ್ಲಿ ಗ್ರಾಫ್ ಮಾಡಿಕೊಡುವವಳನ್ನು ಎಲ್ಲರೂ ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ನೋಡಿದರೆ ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹೆಂಗಸು. ಸಾಹೇಬರು ಬಂದರೆ ಎದ್ದು ನಿಲ್ಲುವಳು, ಹೋದರೆ ಕೂರುವಳು, ನಡುವೆ "ಆಗ್ಲಿ ಸಾರ್" ಎನ್ನುವಳು. ಆದರೆ ಎದೆಯೊಳಗೆ ಒಂದು ಸೇಡು ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆಯಿಂದ ಕೂತಿತ್ತು. ಸೇಡು ಕೆಟ್ಟದ್ದು, ಕ್ಷಮಿಸಿಬಿಡಬೇಕು ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರ ತಂಗಿಯ ಮಾನವನ್ನು ಯಾರೂ ಬೀದಿಗೆ ಎಳೆದಿರುವುದಿಲ್ಲ, ಅಷ್ಟೇ.

ಅವಳ ಕೋಣೆ ಇದ್ದದ್ದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಹಿಂದೆ ಅದು ಬಾಟಲಿ ತೊಳೆಯುವ ಜಾಗ. ಗೋಡೆಯಲ್ಲಿ ನಲ್ಲಿ ಇನ್ನೂ ಇತ್ತು, ತಿರುಗಿಸಿದರೆ ಗಾಳಿ ಬರುತ್ತಿತ್ತು. ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಕೆಮ್ಮುವ ಪ್ರಿಂಟರು, ಅದರ ಮೇಲೆ ಧೂಳು ಕೂರದಿರಲೆಂದು ತಂಗಿ ಹೊಲಿದುಕೊಟ್ಟ ಬಟ್ಟೆ. ನದಿಯುದ್ದಕ್ಕೂ ಇರುವ ಕಟ್ಟೆಗಳಿಂದ ನೀರು ಎಷ್ಟು ಕದಡಿದೆ ಎಂಬ ಅಂಕಿ ದಿನವೂ ಬರುತ್ತಿತ್ತು. ಅದನ್ನು ಸಾಫ್ಟ್‌ವೇರಿಗೆ ಉಣಿಸಿ, ದಿನಕ್ಕೊಂದು ಚುಕ್ಕೆ ಇಡಿಸಿ, ಚುಕ್ಕೆಗೆ ಚುಕ್ಕೆ ಸೇರಿಸಿ ಗೆರೆ ಎಳೆಸಿ, ಅಚ್ಚಿಗೆ ಹೋಗುವಂಥ ಫೈಲು ಮಾಡಿಕೊಡುವುದು ಅವಳ ಕೆಲಸ.

ಪರದೆಯ ಮೇಲೆ ಚೆಂದ ಕಂಡದ್ದೆಲ್ಲ ಕಾಗದದ ಮೇಲೆ ಚೆಂದ ಬರುವುದಿಲ್ಲ. ಹೊಸಬರು ಯಾರಾದರೂ ಕಲಿಯಲು ಬಂದರೆ ಅವಳು ಅಡುಗೆ ಹೇಳಿಕೊಟ್ಟಂತೆ ಹೇಳುತ್ತಿದ್ದಳು: "ಮೊದಲು ಹಾಳೆ ಹಾಸಬೇಕು. ಅಗಲ ಎಷ್ಟು, ಎತ್ತರ ಎಷ್ಟು ಅಂತ ಸಾಫ್ಟ್‌ವೇರಿಗೆ ಹೇಳ್ಬೇಕು. ಆಮೇಲೆ ಗೆರೆ. ಕೊನೇಲಿ ಫೈಲು ಮುಗೀತು ಅಂತ ಬಾಗಿಲು ಹಾಕೋ ಆಜ್ಞೆ ಕೊಡ್ಬೇಕು. ಬಾಗಿಲು ಹಾಕದೆ ಎದ್ದುಹೋದ್ರೆ ಫೈಲು ಇದೆ ಅಂತ ಕಾಣುತ್ತೆ, ತೆಗೆಯೋಕೆ ಹೋದ್ರೆ ತೆರ್ಕೊಳ್ಳಲ್ಲ." ಫೈಲುಗಳಲ್ಲೂ ಎರಡು ಜಾತಿ. ಒಂದು ಚಿತ್ರವನ್ನು ಸಣ್ಣ ಸಣ್ಣ ಬಣ್ಣದ ಚೌಕಗಳಾಗಿ ನೆನಪಿಟ್ಟುಕೊಳ್ಳುತ್ತದೆ; ಹಿಗ್ಗಿಸಿದರೆ ಚೌಕಗಳೇ ಇಟ್ಟಿಗೆಯಾಗಿ ಕಣ್ಣಿಗೆ ಹೊಡೆಯುತ್ತವೆ. ಇನ್ನೊಂದು, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲೊಂದು ಚುಕ್ಕೆ ಇಡು ಎಂಬ ಮಾತನ್ನೇ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಅಂಚೆ ಚೀಟಿಯಷ್ಟು ಮಾಡಿ, ಆನೆಯಷ್ಟು ಮಾಡಿ, ಗೆರೆ ಗೆರೆಯಾಗಿಯೇ ಉಳಿಯುತ್ತದೆ.

ಈ ವ್ಯತ್ಯಾಸ ಇಸ್ತ್ರಿ ಸಾಹೇಬನ ತಲೆಗೆ ಎಂದೂ ಹತ್ತಲಿಲ್ಲ. ಪರೀಕ್ಷಾಲಯದ ಮುಖ್ಯಸ್ಥ ಅವನು. ಗರಿಗರಿ ಅಂಗಿ, ಕತ್ತಿಯಂಥ ಮಡಿಕೆಯ ಪ್ಯಾಂಟು. ಕೂತರೆ ಸುಕ್ಕಾದೀತೆಂದು ಅರ್ಧ ದಿನ ನಿಂತೇ ಇರುತ್ತಿದ್ದ. ಗ್ರಾಫ್ ಬೇಕಾದಾಗ ಫೈಲಿಗೆ ಕಾಯುವ ತಾಳ್ಮೆ ಅವನಿಗಿಲ್ಲ. ಗೆರೆಯಮ್ಮನ ಬೆನ್ನ ಹಿಂದೆ ನಿಂತು "ಪರದೆ ಮೇಲೆ ಇದ್ಯಲ್ಲ, ಹಾಗೇ ಒಂದು ಸ್ಕ್ರೀನ್‌ಶಾಟ್ ಹೊಡೆದು ಕಳ್ಸು" ಎನ್ನುವುದು, ಆಮೇಲೆ ಆ ಚಿತ್ರವನ್ನು ತನ್ನ ವರದಿಯೊಳಗೆ ತುರುಕಿ, ಜಾಗ ಸಾಲದಿದ್ದರೆ ಮೇಲಿನಿಂದ ಒತ್ತಿ ಚಪ್ಪಟೆ ಮಾಡುವುದು ಅವನ ರೂಢಿ.

ಹಾಗೆ ಒತ್ತಿದ ಒಂದು ಚಿತ್ರದ ಕೆಳಗೆ ಗೆರೆಯಮ್ಮನ ತಂಗಿ ಸಿಕ್ಕಿಕೊಂಡಳು.

ತಂಗಿ ಅದೇ ಪರೀಕ್ಷಾಲಯದಲ್ಲಿ ಕೆಳಗಿನ ಕಟ್ಟೆಯ ನೀರು ಅಳೆಯುವವಳಾಗಿದ್ದಳು. ಬೆಳಿಗ್ಗೆ ಎದ್ದು ನದಿಗೆ ಹೋಗಿ, ಬಾಟಲಿಯಲ್ಲಿ ನೀರು ಹಿಡಿದು, ಅಲ್ಲೇ ಅಳೆದು ಅಂಕಿ ಕಳಿಸುವಳು. ಮೇಲಿನ ಕಟ್ಟೆ ಬಣ್ಣದ ಕಾರ್ಖಾನೆಯ ಪಕ್ಕದಲ್ಲಿತ್ತು. ಅಲ್ಲಿ ನೀರು ಕೆಸರೋ ಕೆಸರು, ಅಳೆಯುವುದೂ ಯಂತ್ರವೇ. ಕೆಳಗಿನ ಕಟ್ಟೆಗೆ ಬರುವಷ್ಟರಲ್ಲಿ ನೀರು ಜೊಂಡಿನೊಳಗೆ ಹಾದು ತಿಳಿಯಾಗಿರುತ್ತಿತ್ತು. ಹಾಗಾಗಿ ಗ್ರಾಫಿನಲ್ಲಿ ಮೇಲಿನ ಕಟ್ಟೆಯ ಗೆರೆ ಮುಗಿಲಿಗೆ ಹಾರಿದರೆ ತಂಗಿಯ ಗೆರೆ ಕೆಳಗೆ ನೆಲ ಹಿಡಿದು ಸಾಗುತ್ತಿತ್ತು. ಅದು ನೀರಿನ ಗುಣ, ತಂಗಿಯ ತಪ್ಪಲ್ಲ.

ಒಮ್ಮೆ ಮೇಲಿನ ಕಚೇರಿಯವರು ಬಂದು ನಿಮ್ಮ ಅಳತೆಗಳನ್ನು ನಂಬುವುದು ಹೇಗೆ, ಇಲ್ಲಿ ಮೇಲ್ವಿಚಾರಣೆಯೇ ಇಲ್ಲ ಎಂದು ಇಸ್ತ್ರಿ ಸಾಹೇಬನನ್ನು ಎಲ್ಲರೆದುರು ಉಗಿದುಹೋದರು. ಅವನಿಗೆ ಆಗ ಒಬ್ಬ ಕಳ್ಳ ಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ಕ್ರೀನ್‌ಶಾಟನ್ನು ಒತ್ತಿ ಅಂಗೈಯಗಲಕ್ಕೆ ಇಳಿಸಿ, ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿಸಿ ವಿಚಾರಣಾ ಸಮಿತಿಯ ಮುಂದಿಟ್ಟ. ಅದರಲ್ಲಿ ತಂಗಿಯ ಚುಕ್ಕೆಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಕಪ್ಪು ಪಟ್ಟಿಯಾಗಿದ್ದವು.

"ನೋಡಿ," ಎಂದ, "ವರ್ಷವಿಡೀ ಒಂದೇ ಅಂಕಿ. ಮಳೆ ಬಂದ್ರೂ ಅದೇ, ಬಿಸಿಲಿದ್ರೂ ಅದೇ. ಈಕೆ ನದಿ ಮುಖ ನೋಡೇ ಇಲ್ಲ. ಮನೇಲಿ ಕೂತು ಬರೆದಿದ್ದಾಳೆ."

ಗೆರೆಯಮ್ಮ ಅಂಕಿಗಳನ್ನೆಲ್ಲ ಅಚ್ಚು ಹಾಕಿ ಎದೆಗವಚಿಕೊಂಡು ಓಡಿದಳು. ಸಮಿತಿಯ ಹಿರಿಯ, ಪಾಠ ಹೇಳಿ ನಿವೃತ್ತನಾದ ಮುದುಕ, ಕೈ ಚಾಚಿದ್ದ ಕೂಡ. ಅಷ್ಟರಲ್ಲಿ ಇಸ್ತ್ರಿ ಸಾಹೇಬ ನಡುವೆ ಬಂದ. "ಇವಳು ಅಕ್ಕ, ಅವಳು ತಂಗಿ. ಅಂಕಿ ಇರೋದು ಇವಳ ಕೈಲೇ. ತಿದ್ದಿರಲ್ಲ ಅಂತ ಏನು ಗ್ಯಾರಂಟಿ?" ಮುದುಕನ ಕೈ ಹಿಂದಕ್ಕೆ ಹೋಯಿತು. ಗೆರೆಯಮ್ಮನನ್ನು ಹೊರಗೆ ಕಳಿಸಿದರು, ತಂಗಿಯನ್ನು ಕೆಲಸದಿಂದಲೇ ಕಳಿಸಿದರು.

ಅವತ್ತಿನಿಂದ ತಂಗಿಗೆ 'ಒಂದೇ ನಂಬರ್' ಎಂಬ ಹೆಸರು ಅಂಟಿಕೊಂಡಿತು. ಅಂಗಡಿಗೆ ಹೋದರೆ "ಒಂದೇ ನಂಬರ್ ಬಂದ್ಲು" ಎಂದು ಮೂಲೆಯಲ್ಲಿ ಕಿಸಕ್ಕೆನ್ನುವವರು. ನೋಡಿಹೋಗಿದ್ದ ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ನೆಂಟರಿಗಂತೂ ಹಳೆಯ ದೂರು ಹೊಸದಾಗಿ ಸಿಕ್ಕಿತು. ಅದರ ಹಿಂದಿನ ಮಳೆಗಾಲದಲ್ಲಿ ಅವ್ವ ತೀರಿಕೊಂಡ ದಿನ ತಂಗಿ ಮನೆಯಲ್ಲಿರಲಿಲ್ಲ; ಒದ್ದೆ ಮುದ್ದೆಯಾಗಿ ತಡವಾಗಿ ಬಂದಿದ್ದಳು. "ಹೆತ್ತವಳು ಉಸಿರು ಬಿಡೋವಾಗ ಎಲ್ಲಿ ಅಲೀತಿದ್ಲೋ, ಕೆಲಸಕ್ಕೂ ಹೋಗ್ತಿರಲಿಲ್ಲವಂತೆ" ಎಂದು ಚಿಕ್ಕಮ್ಮ ಊರೆಲ್ಲ ಸಾರಿದಳು. ತಂಗಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೇರೆಯವರ ಬಟ್ಟೆಯ ಅಂಚು ಮಡಿಸುತ್ತ ಕೂತಳು. ನದಿ ಕಡೆಯ ಕಿಟಕಿ ತೆಗೆಯುವುದನ್ನೇ ಬಿಟ್ಟಳು.

"ಬಿಟ್ಬಿಡಕ್ಕ," ಎನ್ನುತ್ತಿದ್ದಳು. "ಅವನ ಪಾಪ ಅವನಿಗೆ."

"ಅವನ ಪಾಪ ಅವನಿಗೇ ಸೇರ್ಬೇಕು ನಿಜ," ಎನ್ನುತ್ತಿದ್ದಳು ಗೆರೆಯಮ್ಮ. "ಆದ್ರೆ ತಲುಪಿಸೋರು ಒಬ್ಬರು ಬೇಕಲ್ಲ."

ಕೆಲಸ ಬಿಟ್ಟು ಹೋಗುವುದು ಸುಲಭವಿತ್ತು. ಅವಳು ಬಿಡಲಿಲ್ಲ. ಹಾವಿದ್ದ ಹುತ್ತದ ಪಕ್ಕದಲ್ಲೇ ಕೋಲು ಹಿಡಿದು ಕೂತಳು. ನಡುನಡುವೆ ಕೈ ತುರಿಸಿದಾಗ ಸಣ್ಣಪುಟ್ಟ ಕೆಲಸ ಮಾಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದಳು. ಒಮ್ಮೆ ಅವನು ದೊಡ್ಡ ಸಭೆಗೆ ಹೊರಟಾಗ ಬಾಗಿಲು ಹಾಕದ ಫೈಲನ್ನೇ ಪೆನ್‌ಡ್ರೈವಿಗೆ ತುಂಬಿ ಕಳಿಸಿದಳು. ಸಭೆಯಲ್ಲಿ ಅವನು ಒತ್ತಿದ್ದೇ ಒತ್ತಿದ್ದು, ಗೋಡೆಯ ಮೇಲೆ ಬಿಳಿ ಬೆಳಕು ಬಿಟ್ಟರೆ ಬೇರೇನೂ ಬರಲಿಲ್ಲ. ಆ ದಿನ ಅವಳು ಮನೆಗೆ ಬರುವಾಗ ಸಿಹಿ ಕೊಂಡು ತಂದಳು. ಏನು ವಿಶೇಷ ಎಂದು ತಂಗಿ ಕೇಳಿದರೆ "ಸುಮ್ನೆ" ಎಂದಳು. ಆದರೆ ಅದೆಲ್ಲ ಚಿಲ್ಲರೆ. ಅಸಲು ಹಾಗೇ ಉಳಿದಿತ್ತು, ಇಸ್ತ್ರಿ ಸಾಹೇಬನ ನಿವೃತ್ತಿಯೂ ಹತ್ತಿರ ಬರುತ್ತಿತ್ತು. ಹಾರ ಹಾಕಿಸಿಕೊಂಡು ಈ ಮನುಷ್ಯ ಹೊರಟೇಹೋದರೆ ತಂಗಿ ಸಾಯುವತನಕ ಒಂದೇ ನಂಬರ್ ಆಗಿಯೇ ಉಳಿಯುತ್ತಾಳೆ ಎಂದು ಅವಳಿಗೆ ಅನ್ನ ಸೇರದಾಯಿತು.

ಕೊನೆಗೆ ಅವನೇ ಬಂದು ಕುತ್ತಿಗೆ ಕೊಟ್ಟ. ಬೀಳ್ಕೊಡುಗೆಯ ದಿನ ಸಭಾಂಗಣದ ಗೋಡೆಯ ಮೇಲೆ ತನ್ನ ಸಾಧನೆಯೊಂದನ್ನು ಹಾಕಿಸಬೇಕು, ತಾನು ಹೋದ ಮೇಲೂ ಅದು ಅಲ್ಲಿರಬೇಕು ಎಂದು ಅವನಿಗೆ ಆಸೆ ಹುಟ್ಟಿತ್ತು. ಹುಡುಕಿ ಹುಡುಕಿ ಅವನು ಆರಿಸಿದ್ದು ಯಾವುದನ್ನು? ಸುಳ್ಳು ಅಳತೆ ಹಿಡಿದುಕೊಟ್ಟ ಆ ಗ್ರಾಫನ್ನು! ಹಳೆಯ ಅಂಗೈಯಗಲದ ಚಿತ್ರ ಹಿಡಿದು ಫ್ಲೆಕ್ಸ್ ಅಂಗಡಿಯವನ ಬಳಿ ಹೋದರೆ ಅವನು ನಕ್ಕುಬಿಟ್ಟನಂತೆ. "ಇದನ್ನ ಗೋಡೆಯಷ್ಟು ಎಳೆದ್ರೆ ಬರೀ ಇಟ್ಟಿಗೆ ಕಾಣುತ್ತೆ ಸಾರ್. ಅಸಲಿ ಫೈಲು ತರ್ಸಿ." ಹಾಗಾಗಿ ಇಸ್ತ್ರಿ ಸಾಹೇಬ ಫ್ಲೆಕ್ಸಿನವನನ್ನೂ ಕರೆದುಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಬಂದ.

"ಹಳೇದೆಲ್ಲ ಮನಸ್ಸಲ್ಲಿಟ್ಕೋಬೇಡಮ್ಮ," ಎಂದ. "ಇದು ವಿಜ್ಞಾನ. ಇದರಲ್ಲಿ ಅಕ್ಕ ತಂಗಿ ಅಂತ ಬರಲ್ಲ."

"ಇಲ್ಲ ಸಾರ್."

"ಗೋಡೆ ತುಂಬ ಬರ್ಬೇಕು. ಅಕ್ಷರ ದೂರದಿಂದ ಓದೋ ಹಾಗಿರ್ಲಿ. ಆದ್ರೆ ನಿನ್ನ ಕೈಚಳಕ ತೋರಿಸ್ಬೇಡ. ಒಂದು ಚುಕ್ಕೆನೂ ಮುಟ್ಟಕೂಡದು, ಗೊತ್ತಾಯ್ತಾ? ಆಗ ಹೇಗಿತ್ತೋ ಹಾಗೇ."

ಗೆರೆಯಮ್ಮ ಫ್ಲೆಕ್ಸಿನವನ ಕಡೆ ತಿರುಗಿದಳು. "ಕೇಳಿಸ್ತಾ ಅಣ್ಣ? ಒಂದು ಚುಕ್ಕೆನೂ ಮುಟ್ಟಕೂಡದಂತೆ."

"ಕೇಳಿಸ್ತಮ್ಮ," ಎಂದ ಅವನು.

"ಆಗ್ಲಿ ಸಾರ್. ಒಂದು ಚುಕ್ಕೆನೂ ಮುಟ್ಟಲ್ಲ."

ಅವರು ಹೋದ ಮೇಲೆ ಅವಳು ಬಾಗಿಲು ಮುಂದೆ ಮಾಡಿ ಕುರ್ಚಿ ಎಳೆದುಕೊಂಡು ಕೂತಳು. ಹಸಿದವನ ಮುಂದೆ ಎಲೆ ಹಾಕಿದಂತಾಗಿತ್ತು. ಆ ವರ್ಷದ ಅಂಕಿಗಳನ್ನೂ ಗೆರೆ ಎಳೆಸಿದ ಹಳೆಯ ಆಜ್ಞೆಗಳನ್ನೂ ಅವಳು ಒಮ್ಮೆಯೂ ಅಳಿಸಿರಲಿಲ್ಲ. ತೆಗೆದಳು. ಮೊದಲು ಹಾಳೆ ಹಾಸಿದಳು: ಸಭಾಂಗಣದ ಗೋಡೆ ಎಷ್ಟಗಲವೋ ಅಷ್ಟಗಲ, ಎಷ್ಟೆತ್ತರವೋ ಅಷ್ಟೆತ್ತರ. ಅಕ್ಷರ ದೊಡ್ಡದು ಮಾಡಿದಳು, ಅದು ಸಾಹೇಬರ ಅಪ್ಪಣೆ. ಇನ್ನು ಚುಕ್ಕೆ.

ಮಾಡಿ ಮುಗಿದ ಫೈಲನ್ನು ಹಿಗ್ಗಿಸಿದರೆ ಚುಕ್ಕೆಯೂ ಹಿಗ್ಗುತ್ತದೆ; ಆದರೆ ಮೊದಲಿಗೇ ದೊಡ್ಡ ಹಾಳೆ ಹಾಸಿದ ಮಾತ್ರಕ್ಕೆ ಚುಕ್ಕೆ ತಾನಾಗಿ ದೊಡ್ಡದಾಗುವುದಿಲ್ಲ. ಸಣ್ಣ ಹಾಳೆಯಲ್ಲಿ ಸಾಸಿವೆಯಷ್ಟಿದ್ದದ್ದು ಗೋಡೆಯಗಲದ ಹಾಳೆಯಲ್ಲೂ ಸಾಸಿವೆಯಷ್ಟೇ ಇರುತ್ತದೆ. ಬೇರೆ ಯಾರ ಕೆಲಸವಾದರೂ ಅವಳು ಚುಕ್ಕೆಯನ್ನೂ ಹಾಳೆಗೆ ತಕ್ಕ ಹಾಗೆ ಉಬ್ಬಿಸುತ್ತಿದ್ದಳು. ಇಲ್ಲವಾದರೆ ದೂರದಿಂದ ಕಾಣುವುದಿಲ್ಲ ಎಂದು ಬೈಸಿಕೊಳ್ಳಬೇಕು. ಉಬ್ಬಿಸಿದ್ದರೆ ತಂಗಿಯ ಚುಕ್ಕೆಗಳು ಮತ್ತೆ ಒಂದರ ಮೇಲೊಂದು ಬಿದ್ದು ಅದೇ ಕಪ್ಪು ಪಟ್ಟಿ ಆಗುತ್ತಿತ್ತು. ಆದರೆ ಸಾಹೇಬರೇ ಮುಟ್ಟಬೇಡ ಅಂದಿದ್ದಾರಲ್ಲ! ಹಿರಿಯರ ಮಾತು ಮೀರಬಾರದು. ಅವಳು ಮುಟ್ಟಲಿಲ್ಲ. ಗೆರೆಯ ಮಾತನ್ನು ನೆನಪಿಟ್ಟುಕೊಳ್ಳುವ ಜಾತಿಯ ಫೈಲಿಗೆ ಇಳಿಸಿ, ಬಾಗಿಲು ಹಾಕುವ ಆಜ್ಞೆ ಕೊಟ್ಟು, ಹಾಕಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದಳು.

ಸಂಜೆಯೊಳಗೆ ಮಾದರಿ ತೋರಿಸು ಎಂದು ಇಸ್ತ್ರಿ ಸಾಹೇಬ ಹೇಳಿ ಕಳಿಸಿದಾಗ ಅವಳು ಇನ್ನು ಸಿಕ್ಕಿಬಿದ್ದೆ ಅಂದುಕೊಂಡಳು. ದೊಡ್ಡದಾಗಿ ಅಚ್ಚು ಹಾಕಿ ತಾ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಅವನು ಹೇಳಿದ್ದು "ಫೋನಿಗೇ ಕಳ್ಸಮ್ಮ, ಯಾರು ಅಷ್ಟೊತ್ತು ಕಾಯ್ತಾರೆ" ಎಂದು. ಕಳಿಸಿದಳು. ಗೋಡೆಯಷ್ಟು ಚಿತ್ರ ಫೋನಿನೊಳಗೆ ಕುಗ್ಗಿ, ತಂಗಿಯ ಗೆರೆ ತಳದಲ್ಲಿ ನೂಲಿನ ಹಾಗೆ ಸಪಾಟಾಗಿ ಮಲಗಿತ್ತು. ಅವನು ದೊಡ್ಡದು ಮಾಡಿಯೂ ನೋಡಲಿಲ್ಲ. "ಸರಿಯಾಗಿದೆ. ಗೀಟೆಳೆದ ಹಾಗಿದೆ" ಎಂದು ಒಪ್ಪಿಗೆ ಕೊಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ?

ಬೀಳ್ಕೊಡುಗೆಗೆ ಬಾ ಎಂದರೆ ತಂಗಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ನಂಗೆ ಹುಚ್ಚಾ? ಅವನಿಗೆ ಹಾರ ಹಾಕೋದು ನೋಡೋಕೆ ಹೋಗ್ಲಾ?"

"ಬಾ ಅಂದ್ರೆ ಬಾ."

"ಅಲ್ಲೆಲ್ಲ ನನ್ನ ನೋಡಿ ನಗ್ತಾರೆ ಅಕ್ಕ."

"ನಗ್ಲಿ. ಮೊದಲು ಯಾರು ನಗ್ತಾರೆ, ಕೊನೇಲಿ ಯಾರು ಅಳ್ತಾರೆ ನೋಡೋಣ. ಎದ್ದು ತಲೆ ಬಾಚ್ಕೋ." ಅವಳು ತಂಗಿಯ ರೆಟ್ಟೆ ಹಿಡಿದು ಎಬ್ಬಿಸಿದಳು.

ಸಭಾಂಗಣ ತುಂಬಿತ್ತು. ಮೇಲಿನ ಕಚೇರಿಯವರು ಮುಂದಿನ ಸಾಲಿನಲ್ಲಿ, ಅವರ ಪಕ್ಕದಲ್ಲಿ ಹಳೆಯ ಸಮಿತಿಯ ಮುದುಕ, ಹಿಂದೆ ಪರೀಕ್ಷಾಲಯದವರು, ಚಾಲಕರು, ದೋಣಿಯವನು, ಎಲ್ಲರ ಮನೆಯವರು. ಗೋಡೆಗೆ ನೀಲಿ ಬಟ್ಟೆ ಇಳಿಬಿಟ್ಟಿದ್ದರು. ತಂಗಿ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತಳು. ಇಬ್ಬರು ತಿರುಗಿ ನೋಡಿ ಪಿಸುಗುಟ್ಟಿದರು. ಗೆರೆಯಮ್ಮ ಅವರ ಮುಖ ನೆನಪಿಟ್ಟುಕೊಂಡಳು.

ಹಾರ, ಶಾಲು, ಹೊಗಳಿಕೆ ಎಲ್ಲ ಮುಗಿದ ಮೇಲೆ ಇಸ್ತ್ರಿ ಸಾಹೇಬ ಗೋಡೆಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ ನಿಂತು ಕೈ ಮಾಡಿದ. ನೀಲಿ ಬಟ್ಟೆ ಬಿತ್ತು.

"ಇಲ್ಲಿ ಕೆಳಗಿನ ಗೆರೆ ನೋಡಿ," ಎಂದು ಶುರು ಮಾಡಿದ. "ವರ್ಷವಿಡೀ ಸೂಜಿಮೊನೆಯಷ್ಟೂ ವ್ಯತ್ಯಾಸ ಇಲ್ಲ. ಪ್ರಕೃತಿಯಲ್ಲಿ ಇಂಥದ್ದು ಉಂಟೇ? ನಾನು ನೋಡಿದ ತಕ್ಷಣ ಹೇಳಿದೆ, ಇದು ಮೋಸ."

ಜನ ನೋಡುತ್ತಿದ್ದದ್ದು ಅವನನ್ನಲ್ಲ. ಅವನ ಹೆಗಲ ಹಿಂದೆ ಗೋಡೆಯ ಈ ತುದಿಯಿಂದ ಆ ತುದಿಗೆ ತಂಗಿಯ ಗೆರೆ ಗೇಣುದ್ದ ಏರುತ್ತ, ಗೇಣುದ್ದ ಇಳಿಯುತ್ತ, ತೆರೆತೆರೆಯಾಗಿ ಹರಿದಿತ್ತು. ಅದರ ಮೇಲೆ ಸಾಸಿವೆ ಕಾಳಿನಂಥ ಚುಕ್ಕೆಗಳು, ಒಂದು ಇದ್ದ ಎತ್ತರದಲ್ಲಿ ಅದರ ಮುಂದಿನದು ಇಲ್ಲ. ಇಸ್ತ್ರಿ ಸಾಹೇಬ ಮಾತಾಡುತ್ತಲೇ ಇದ್ದ. "ಮನೇಲಿ ಕೂತು ಒಂದೇ ನಂಬರ್ ಬರೆದ್ರೆ ಹೀಗೇ ಆಗೋದು" ಎಂದು ತಾನೇ ನಕ್ಕ. ಯಾರೂ ನಗಲಿಲ್ಲ.

ಸಮಿತಿಯ ಮುದುಕ ಎದ್ದು ಗೋಡೆಯ ಬಳಿಗೆ ಹೋದ. ಕನ್ನಡಕ ಹಾಕಿಕೊಂಡ, ಗೆರೆಯ ಮೇಲೆ ಬೆರಳಿಟ್ಟು ನಡೆಯುತ್ತ ಹೋದ. ನಡುವೆ ನಿಂತು ಕತ್ತೆತ್ತಿ ಮೇಲಿನ ಗೆರೆ ನೋಡಿದ, ಮತ್ತೆ ಕೆಳಗೆ ನೋಡಿದ. "ಇದು ಗೀಟಲ್ಲವಲ್ಲ ಸ್ವಾಮಿ," ಎಂದ. "ಯಂತ್ರದ ಗೆರೆ ಏರಿದ ಕಡೆಯೆಲ್ಲ ಇದೂ ಏರಿದೆ. ಅದು ಇಳಿದಲ್ಲಿ ಇದೂ ಇಳಿದಿದೆ. ಮನೇಲಿ ಕೂತವಳಿಗೆ ಮೇಲಿನ ಕಟ್ಟೆ ನೀರು ಕನಸಲ್ಲಿ ಬರ್ತಿತ್ತಾ?"

ಇಸ್ತ್ರಿ ಸಾಹೇಬ ಆಗ ತಿರುಗಿ ನೋಡಿದ. ತಿರುಗಿದವನು ಹಾಗೇ ನಿಂತ.

ಹಿಂದಿನ ಸಾಲಿನಿಂದ ದೋಣಿಯವನು ಎದ್ದ. "ಅಲ್ಲಿ ಕೆಳಗಿನ ಗೆರೆ ಎಲ್ಲಕ್ಕಿಂತ ಎತ್ತರ ಏರಿದ್ಯಲ್ಲ, ಅದು ಪ್ರವಾಹ ಬಂದ ದಿನ. ಕಟ್ಟೆ ಮುಳುಗಿತ್ತು. ನೀರು ಹಿಡೀಲೇಬೇಕು ಅಂತ ಈ ಹುಡುಗಿ ಹಟ ಮಾಡಿದ್ಲು. ದೋಣೀಲಿ ಕರ್ಕೊಂಡು ಹೋಗಿದ್ದು ನಾನೇ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಮುಂದಿನ ಸಾಲಿನಿಂದ ಯಾರೋ ಕೇಳಿದರು.

"ನನ್ನ ಯಾರು ಕೇಳಿದ್ರು?" ಎಂದ ದೋಣಿಯವನು. ಗೆರೆಯಮ್ಮ ಅವನನ್ನೂ ಒಂದು ಕಣ್ಣಲ್ಲಿ ಅಳೆದಿಟ್ಟುಕೊಂಡಳು. ಅವನ ಸರದಿ ಆಮೇಲೆ.

"ತಿದ್ದಿದ್ದಾಳೆ!" ಇಸ್ತ್ರಿ ಸಾಹೇಬನ ದನಿ ಕೀರಲಾಯಿತು. "ಈ ಹೆಂಗಸು ಚುಕ್ಕೆ ತಿದ್ದಿದ್ದಾಳೆ!"

ಗೆರೆಯಮ್ಮ ಎದ್ದು ನಿಂತಳು, ಯಾವತ್ತಿನ ಹಾಗೆ ಕೈಕಟ್ಟಿ. "ಒಂದು ಚುಕ್ಕೆನೂ ಮುಟ್ಟಿಲ್ಲ ಸಾರ್. ನೀವು ಹೇಳಿದ ಹಾಗೇ. ಫೋನಲ್ಲಿ ನೋಡಿ ಸರಿಯಾಗಿದೆ ಅಂತ ನೀವೇ ಅಂದ್ರಿ. ಈ ಅಣ್ಣ ಇದ್ದಾರೆ, ಕೇಳಿ."

"ಹೌದು ಸಾರ್," ಎಂದ ಏಣಿ ಹಿಡಿದು ನಿಂತಿದ್ದ ಫ್ಲೆಕ್ಸಿನವನು. "ಚುಕ್ಕೆ ಮುಟ್ಟಕೂಡದು ಅಂದಿದ್ರಿ. ನಾನೂ ಮುಟ್ಟಿಲ್ಲ."

ಎಲ್ಲೋ ಒಂದು ನಗು ಒಡೆಯಿತು, ಅದರ ಹಿಂದೆ ಇನ್ನಷ್ಟು. ಮೇಲಿನ ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆ ವರ್ಷದ ವಿಚಾರಣೆಯನ್ನು ಮತ್ತೆ ತೆಗೆಯಬೇಕಾಗುತ್ತದೆ ಎಂದು ಗಟ್ಟಿಯಾಗಿಯೇ ಮಾತಾಡಿಕೊಂಡರು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇಸ್ತ್ರಿ ಸಾಹೇಬ ಹಾರ ತೆಗೆದು ಮೇಜಿನ ಮೇಲಿಟ್ಟು ಧೊಪ್ಪೆಂದು ಕುರ್ಚಿಯಲ್ಲಿ ಕೂತ. ಪ್ಯಾಂಟು ಸುಕ್ಕಾಗುವುದು ಅವನ ನೆನಪಿಗೆ ಬರಲಿಲ್ಲ.

ಈ ಮುಖಕ್ಕಾಗಿ ಗೆರೆಯಮ್ಮ ಅಷ್ಟು ವರ್ಷ ಕಾದಿದ್ದಳು. ಹಬ್ಬದಡುಗೆಯ ಹಾಗೆ ಕಣ್ಣು ತುಂಬ ನೋಡಿದಳು. ಹೊಟ್ಟೆ ತುಂಬಿತು ಎನ್ನಿಸಿತು. ಸಾಕು, ಮುದುಕನಾದ, ನಾಳೆ ಈ ಫ್ಲೆಕ್ಸ್ ಇಳಿಸಿಬಿಡೋಣ ಎಂದು ಒಂದು ಗಳಿಗೆ ಮನಸ್ಸು ಮೆತ್ತಗೂ ಆಯಿತು. ತಂಗಿಯನ್ನು ಹುಡುಕಿದರೆ ಕಂಬದ ಬಳಿ ಇರಲಿಲ್ಲ. ಅವಳು ಗೋಡೆಯ ಹತ್ತಿರ ಹೋಗಿ ತನ್ನ ಗೆರೆಯಲ್ಲಿ ಎಲ್ಲಕ್ಕಿಂತ ಎತ್ತರದ ಚುಕ್ಕೆಯ ಕೆಳಗೆ ನಿಂತು ಬೆರಳು ಚಾಚಿ ಅದನ್ನು ಮುಟ್ಟುತ್ತಿದ್ದಳು.

"ಅಕ್ಕ, ಇದು ಅವ್ವ ಹೋದ ದಿನ."

ಇಡೀ ಗೆರೆಯನ್ನು ಗೆರೆಯಮ್ಮ ಸಾವಿರ ಸಲ ನೋಡಿದ್ದಳು. ಆ ಒಂದು ಚುಕ್ಕೆಯನ್ನು ನೋಡಿರಲಿಲ್ಲ.

"ಬೆಳಿಗ್ಗೆ ಅವ್ವನಿಗೆ ಹೇಳ್ದೆ, ಇವತ್ತು ಹೋಗಲ್ಲ, ನಿನ್ನ ಹತ್ರಾನೇ ಇರ್ತೀನಿ ಅಂತ. ಒಂದು ದಿನ ತಪ್ಪಿದ್ರೆ ಏನಾಗುತ್ತೆ ಅಂದ್ಲು. ಗೆರೆ ಅಲ್ಲಿಗೆ ಕಡಿದುಹೋಗುತ್ತೆ, ಅಕ್ಕ ಎಳೆಯೋ ಗೆರೆ ಅಂದೆ. ಹಾಗಾದ್ರೆ ಹೋಗು, ಅಕ್ಕನ ಗೆರೆ ಕಡಿಯೋದು ಬೇಡ ಅಂತ ಅವಳೇ ಕಳಿಸಿದ್ಲು." ತಂಗಿ ಬೆರಳು ತೆಗೆಯಲಿಲ್ಲ. "ಬರೋಷ್ಟರಲ್ಲಿ ಹೋಗಿಬಿಟ್ಟಿದ್ಲು. ಯಾರಿಗೆ ಅಂತ ಹೇಳ್ಲಿ? ಆ ವರ್ಷಾನೇ ಸುಳ್ಳು ಅಂದ್ಬಿಟ್ರಲ್ಲ."

ಗೆರೆಯಮ್ಮ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಅತ್ತಳು ಕೂಡ, ಎಲ್ಲರೆದುರೇ. ಆಮೇಲೆ ಕಣ್ಣೊರೆಸಿಕೊಂಡು, ಏಣಿ ಮಡಿಸುತ್ತಿದ್ದ ಫ್ಲೆಕ್ಸಿನವನನ್ನು ಹತ್ತಿರ ಕರೆದಳು. ಮನಸ್ಸು ಈಗ ಮೆತ್ತಗಿರಲಿಲ್ಲ.

"ಅಣ್ಣ, ಫೈಲು ನಿಮ್ಮ ಹತ್ರ ಇದ್ಯಲ್ಲ? ಇದನ್ನ ಇಳಿಸ್ಬೇಡಿ. ಇನ್ನೊಂದು ಪ್ರಿಂಟ್ ತೆಗೀರಿ."

"ಎಷ್ಟು ದೊಡ್ಡದಮ್ಮ?"

"ಎಷ್ಟು ಬೇಕಾದ್ರೂ ಹಿಗ್ಗುತ್ತೆ ಅದು," ಎಂದಳು ಗೆರೆಯಮ್ಮ. "ಸಾಹೇಬರ ಮನೆ ಎದುರಿಗೆ ಒಂದು ಖಾಲಿ ಗೋಡೆ ಇದೆ. ಹೋಗಿ ಅಳತೆ ತಗೊಂಡು ಬನ್ನಿ."